ವೀರಮ್ಮಾಜಿ: ಬಿದನೂರಿನ ಕೊನೆಯ ರಾಣಿ

ಕುಂದಾಪುರದ ಕಡೆಯಿಂದ ಹೊಸಂಗಡಿ ಮಾರ್ಗವಾಗಿ ಘಾಟಿ ಹತ್ತಿ ಬಂದಿದ್ದರೆ ಹುಲಿಕಲ್ ನಿಮಗೆ ಪರಿಚಿತ ಊರು. ಮಳೆಗಾಲದಲ್ಲಿ ಮುಂದಿನ ತಿರುವು ಕಾಣದಷ್ಟು ಮಂಜು. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಇದೂ ಒಂದು. ಘಾಟಿ ಮುಗಿಸಿ ಸ್ವಲ್ಪ ಮುಂದೆ ಹೋದರೆ ನಗರ. ಹೊಸನಗರ ತಾಲ್ಲೂಕಿನ ಈ ಸಣ್ಣ ಊರೇ ಹಿಂದಿನ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. ಮಲೆನಾಡಿನ ಮೆಣಸು, ಅಡಿಕೆ ಇಂಥ ಘಾಟಿಗಳ ಮೂಲಕವೇ ಎತ್ತಿನ ಬೆನ್ನ ಮೇಲೆ ಕರಾವಳಿಯ ಬಂದರುಗಳಿಗೆ ಇಳಿಯುತ್ತಿತ್ತು. ಬಿದನೂರಿನ ಸಂಪತ್ತಿಗೆ ಕಾರಣ ಅದು. ಶತ್ರುಗಳ ಕಣ್ಣು ಅದರ ಮೇಲೆ ಬೀಳಲು ಕಾರಣವೂ ಅದೇ.

ಕೆಳದಿಯ ರಾಣಿ ಎಂದರೆ ನಿಮಗೆ ನೆನಪಾಗುವುದು ಚೆನ್ನಮ್ಮಾಜಿ. ಪತಿ ಸೋಮಶೇಖರ ನಾಯಕನ ಮರಣದ ನಂತರ ಸುಮಾರು 25 ವರ್ಷ ರಾಜ್ಯವಾಳಿ, 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಎದುರಿಸಿದವಳು. ಆಕೆಯ ಕಥೆ ಪಠ್ಯಪುಸ್ತಕದಲ್ಲಿದೆ. ಅದೇ ಮನೆತನದ ಇನ್ನೊಬ್ಬ ವಿಧವೆಯ ಬಗ್ಗೆ ಇಲ್ಲಿ ಹೇಳಬೇಕೆನಿಸಿದೆ. ಅವಳ ಹೆಸರು ವೀರಮ್ಮಾಜಿ.

ಆ ಮನೆತನದ ಚರಿತ್ರೆಯನ್ನು ಆಸ್ಥಾನಕವಿ ಲಿಂಗಣ್ಣ 'ಕೆಳದಿನೃಪವಿಜಯ' ಎಂಬ ಚಂಪೂಕಾವ್ಯದಲ್ಲಿ ಬರೆದಿಟ್ಟಿದ್ದಾನೆ. ಯಾರ ನಂತರ ಯಾರು, ಯಾರು ಯಾರನ್ನು ದತ್ತು ತೆಗೆದುಕೊಂಡರು ಎಂಬುದೆಲ್ಲ ಅದರಲ್ಲಿದೆ. ಕಾವ್ಯವಾದರೂ ಅದು ಒಂದು ಮನೆಯ ದಾಖಲೆ. ವೀರಮ್ಮಾಜಿ ಇಮ್ಮಡಿ ಬಸಪ್ಪ ನಾಯಕನ ಪತ್ನಿ. 1750ರ ದಶಕದ ನಡುವೆ ಅವನು ತೀರಿಕೊಂಡಾಗ ದತ್ತುಪುತ್ರ ಚೆನ್ನಬಸಪ್ಪ ಪಟ್ಟಕ್ಕೆ ಬಂದ. 1757ರಲ್ಲಿ ಅವನ ಕಾಲವೂ ಮುಗಿಯಿತು. ಆಗ ರಾಣಿ ಸೋಮಶೇಖರನೆಂಬ ಹುಡುಗನನ್ನು ದತ್ತು ತೆಗೆದುಕೊಂಡು ತಾನೇ ಆಡಳಿತ ವಹಿಸಿಕೊಂಡಳು. ಮನೆಯಲ್ಲಿ ಚೆನ್ನಮ್ಮಾಜಿಯ ಮೇಲ್ಪಂಕ್ತಿ ಇದ್ದುದರಿಂದ ಇದು ಹೊಸದೇನೂ ಅಲ್ಲ.

ಹೊಸದಾಗಿದ್ದುದು ಕಾಲ. ಒಂದು ಕಡೆ ಮರಾಠರು ಚೌತ್ ಕೇಳುತ್ತಿದ್ದರು. ಇನ್ನೊಂದು ಕಡೆ ಮೈಸೂರಿನಲ್ಲಿ ಹೈದರಾಲಿ ಬಲಗೊಳ್ಳುತ್ತಿದ್ದ. ಅಷ್ಟರಲ್ಲಿ ಚಿತ್ರದುರ್ಗದ ಕಡೆಯಿಂದ ಒಬ್ಬ ಯುವಕ ಹೈದರನ ಬಳಿ ಬಂದು, 'ನಾನೇ ಚೆನ್ನಬಸಪ್ಪ, ಸತ್ತಿಲ್ಲ, ನನ್ನ ಪಟ್ಟ ನನಗೆ ಕೊಡಿಸಿ' ಎಂದು ಮೊರೆಯಿಟ್ಟ. ದಂಡೆತ್ತಿ ಹೋಗಲು ನೆಪ ಸಿಕ್ಕಿತು. ರಾಣಿ ಹಣದ ಮೊತ್ತ ಏರಿಸುತ್ತಾ ಸಂಧಿಗೆ ಹೇಳಿಕಳಿಸಿದಳು, ಫಲಿಸಲಿಲ್ಲ. ಸೆರೆಯಲ್ಲಿದ್ದ ಹಳೆಯ ಮಂತ್ರಿಯೊಬ್ಬ ಕಾಡಿನ ಗುಪ್ತದಾರಿ ತೋರಿಸಿದ. 1763ರಲ್ಲಿ ಬಿದನೂರು ಬಿತ್ತು. ಅರಮನೆಗೆ ಬೆಂಕಿ ಹಾಕಿಸಿ ಬಲ್ಲಾಳರಾಯನದುರ್ಗಕ್ಕೆ ಹೋದ ರಾಣಿಯನ್ನು ಹಿಡಿದು ಮಧುಗಿರಿ ಕೋಟೆಯಲ್ಲಿಟ್ಟರು. ಗಮನಿಸಿ, ಪಟ್ಟ ಕೇಳಿಕೊಂಡು ಬಂದಿದ್ದ ಆ ಯುವಕನನ್ನೂ ಅದೇ ಮಧುಗಿರಿಯಲ್ಲೇ ಇಟ್ಟರು!

ವೀರಮ್ಮಾಜಿ ನಡತೆಗೆಟ್ಟವಳು, ದತ್ತುಮಗನನ್ನು ಕೊಲ್ಲಿಸಿದವಳು ಎಂಬ ಮಾತನ್ನು ನೀವು ಎಲ್ಲಾದರೂ ಓದಿರಬಹುದು. ಇದನ್ನು ಇಂಗ್ಲಿಷಿನಲ್ಲಿ ಹರಡಿದ್ದು ಕರ್ನಲ್ ವಿಲ್ಕ್ಸ್‌ನ ಮೈಸೂರು ಇತಿಹಾಸ. ಅದರ ಮೊದಲ ಸಂಪುಟ ಬಂದದ್ದು 1810ರಲ್ಲಿ, ಅಂದರೆ ಬಿದನೂರು ಬಿದ್ದು 47 ವರ್ಷಗಳ ಮೇಲೆ. ಸೋತ ವಿಧವೆಯ ಮೇಲೆ ಅಪವಾದ ಹೊರಿಸುವುದು ಬಹಳ ಸುಲಭ. ದಂಡಯಾತ್ರೆಗೆ ನೆಪವಾದವನ ಬಾಯಿಗೆ ಒಪ್ಪುವ ಕಥೆಯನ್ನು, ಎದುರುಪಕ್ಷದವಳನ್ನು ಕೇಳದೆ ಸಾಕ್ಷ್ಯವೆಂದು ಹೇಗೆ ತೆಗೆದುಕೊಳ್ಳುವುದು? ನಮ್ಮಲ್ಲಿ ಹಲವರಿಗೆ ಹೈದರಾಲಿಯ ಮೇಲೆ ಅಭಿಮಾನವಿದೆ, ನನಗೂ ಇದೆ. ಅಕ್ಷರ ಬಾರದೆಯೂ ರಾಜ್ಯ ಕಟ್ಟಿದ ವ್ಯಕ್ತಿ ಆತ. ಆದರೆ ಆ ಅಭಿಮಾನಕ್ಕಾಗಿ ಈ ಹೆಂಗಸಿನ ಮಾನ ತೆಗೆಯಬೇಕಾಗಿಲ್ಲ.

ತನ್ನ ಏಳಿಗೆಗೆಲ್ಲ ಬಿದನೂರೇ ಬುನಾದಿ ಎಂದು ಹೈದರನೇ ಹೇಳಿಕೊಳ್ಳುತ್ತಿದ್ದನಂತೆ. ಊರಿಗೆ ಹೈದರನಗರ ಎಂದು ಹೆಸರಿಟ್ಟ. ಇಂದಿನ 'ನಗರ' ಅದರ ಉಳಿಕೆ. ಆದರೆ ಟಂಕಸಾಲೆಯ ವಿಷಯ ಬೇರೆ. ಅವನು ಹೊರಡಿಸಿದ ಚಿನ್ನದ ವರಹದ ಒಂದು ಬದಿಯಲ್ಲಿ ಇಕ್ಕೇರಿ ವರಹದ ಶಿವ-ಪಾರ್ವತಿಯರು ಹಾಗೆಯೇ ಉಳಿದರು. ಇನ್ನೊಂದು ಬದಿಗೆ ಮಾತ್ರ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರ ಹಾಕಿಸಿದ. ವ್ಯಾಪಾರಿಗಳ ನಂಬಿಕೆ ಆ ನಾಣ್ಯದ ಮೇಲಿತ್ತು, ಹೈದರ್ ಅದನ್ನು ಕೆಡಿಸಲಿಲ್ಲ. ಧರ್ಮದ ಹೆಸರಿನಲ್ಲಿ ಈ ಯುದ್ಧದ ಕಥೆ ಹೇಳುವ ಇಬ್ಬಣದವರೂ ಈ ವರಹವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿಯನ್ನು ಹಿಡಿದು ರಾಣಿಯನ್ನು ಬಿಡಿಸಿತು. ನಾಲ್ಕು ವರ್ಷದ ಸೆರೆ ಮುಗಿಯಿತು. ಪುಣೆಗೆ ಕರೆದೊಯ್ಯುವಾಗ ದಾರಿಯಲ್ಲೇ ಆಕೆ ತೀರಿಕೊಂಡಳು.

ವಿದ್ಯಾರ್ಥಿ ಮಿತ್ರರೇ, ಮುಂದಿನ ಸಲ ಹುಲಿಕಲ್ ಘಾಟಿ ಹತ್ತಿದಾಗ ಬಸ್ಸಿನಿಂದ ನಗರದಲ್ಲಿ ಇಳಿಯಿರಿ. ಕೋಟೆ ರಸ್ತೆಗೆ ಹತ್ತಿರದಲ್ಲೇ ಇದೆ. ಒಳಗೆ ದರ್ಬಾರಿನ ಕಟ್ಟೆಯ ಅಡಿಪಾಯ ಕಾಣುತ್ತದೆ, ಜನ ಅಕ್ಕ-ತಂಗಿ ಕೊಳ ಎನ್ನುವ ನೀರಿನ ಕೊಳಗಳೂ ಇವೆ. ಮಳೆಗಾಲದಲ್ಲಿ ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ, ಜೋಪಾನ.