ಸಾರ್ವಕಾಲಿಕ ತಂಡ ಕಟ್ಟುವಾಗ: ಅಲಬಾಮಾ ಫುಟ್‌ಬಾಲ್ ಮತ್ತು ಬೋರ್ಡಿನ ಹೊರಗೆ ಉಳಿದ ಹೆಸರುಗಳು

ಇವತ್ತಿನ ಸಂಚಿಕೆಯನ್ನ ಒಂದು ಆಟದಿಂದ ಶುರು ಮಾಡ್ತೀನಿ. ಈ ಆಟವನ್ನ ನೀವೂ ಆಡಿರ್ತೀರಿ. ನಾಲ್ಕು ಜನ ಕ್ರಿಕೆಟ್ ಹುಚ್ಚಿನವರು ಒಂದು ಕಡೆ ಸೇರಿದ್ರೆ ಸಾಕು, ‘ಕರ್ನಾಟಕದ ಸಾರ್ವಕಾಲಿಕ ಹನ್ನೊಂದು ಯಾರು?’ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ವಿಶ್ವನಾಥ್, ದ್ರಾವಿಡ್ ಬಗ್ಗೆ ಯಾರೂ ತಕರಾರು ತೆಗೆಯಲ್ಲ. ಜಗಳ ಹತ್ತೋದು ಸ್ಪಿನ್ನರ್‌ಗಳ ಹತ್ತಿರ. ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ ಮೂವರನ್ನೂ ಇಟ್ಟರೆ ವೇಗದ ಬೌಲರ್‌ಗೆ ಜಾಗ ಎಲ್ಲಿದೆ? ಕಾಫಿ ಆರಿಹೋಗುತ್ತೆ, ವಾದ ಮುಗಿಯಲ್ಲ.

ಅಮೆರಿಕದವರು ಇದೇ ಆಟವನ್ನ ಕಾಲೇಜು ಫುಟ್‌ಬಾಲ್ ಇಟ್ಕೊಂಡು ಆಡ್ತಾರೆ. ಅಲ್ಲಿ ಅದಕ್ಕೊಂದು ಪದ್ಧತಿ ಇದೆ, ಹೆಸರು ಡ್ರಾಫ್ಟ್. ಆರು ಜನ ಕೂತಿದ್ದಾರೆ ಅಂದ್ಕೊಳ್ಳಿ. ಚೀಟಿ ಎತ್ತಿ ಸರದಿ ಗೊತ್ತುಮಾಡ್ತಾರೆ. ಮೊದಲನೆಯವನು ಒಬ್ಬ ಆಟಗಾರನ ಹೆಸರು ಹೇಳಿದ ಅಂದ್ರೆ ಆ ಹೆಸರು ಅವನದು, ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಆರನೆಯವನ ಸರದಿ ಮುಗಿದ ಮೇಲೆ ಎರಡನೇ ಸುತ್ತು ಅವನಿಂದಲೇ ಶುರುವಾಗಿ ಹಾವಿನ ಹಾಗೆ ಹಿಂದಕ್ಕೆ ಬರುತ್ತೆ. ಹೀಗೆ ಇಪ್ಪತ್ತಕ್ಕೂ ಹೆಚ್ಚು ಸುತ್ತು. ಕೊನೆಗೆ ಪ್ರತಿಯೊಬ್ಬರ ಹತ್ತಿರ ಒಂದು ಪೂರ್ತಿ ತಂಡ ಇರುತ್ತೆ.

ಈ ಕಲ್ಪನಾ ತಂಡದ ಹವ್ಯಾಸ ಇಂಟರ್‌ನೆಟ್ ಬಂದ ಮೇಲೆ ಹುಟ್ಟಿದ್ದು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಹಾಗಲ್ಲ. 1962ರಲ್ಲಿ ಬಿಲ್ ವಿಂಕನ್‌ಬಾಕ್ ಅನ್ನೋರು ಕೆಲವು ಗೆಳೆಯರ ಜೊತೆ ಸೇರಿ ಇದರ ನಿಯಮ ಬರೆದರು, 1963ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಮೊದಲ ಫುಟ್‌ಬಾಲ್ ಡ್ರಾಫ್ಟ್ ನಡೆಯಿತು. ಆಗ ಬೇಕಾಗಿದ್ದು ಕಾಗದ, ಪೆನ್ಸಿಲ್ ಮತ್ತು ದಿನಪತ್ರಿಕೆಯ ಸ್ಕೋರು, ಅಷ್ಟೇ.

ಕೆಲವು ವರ್ಷ ನಾನು ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಕೆಲಸಕ್ಕಿದ್ದೆ. ಒಂದು ಬೇಸಿಗೆಯಲ್ಲಿ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಇಂಥ ಡ್ರಾಫ್ಟ್ ನಡೀತು. ವಿಷಯ ಒಂದೇ: ಅಲಬಾಮಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ, 1892ರಿಂದ ಇವತ್ತಿನವರೆಗೆ. ನನಗೆ ಆಟದ ಒಳಗುಟ್ಟು ಗೊತ್ತಿರಲಿಲ್ಲ, ಹಾಗಾಗಿ ಮಾರ್ಕರ್ ಕೈಗೆ ಕೊಟ್ಟು ಬೋರ್ಡ್ ಮೇಲೆ ಹೆಸರು ಬರೆಯೋ ಕೆಲಸ ವಹಿಸಿದ್ರು. ಆ ಸಂಜೆ ಬೋರ್ಡ್ ಮುಂದೆ ನಿಂತು ನಾನು ಕಲಿತದ್ದನ್ನೇ ಇವತ್ತು ನಿಮಗೆ ಹೇಳ್ತಿರೋದು.

ಮೊದಲು ಈ ತಂಡದ ತೂಕ ಏನು ಅಂತ ಹೇಳಿಬಿಡ್ತೀನಿ. ಟಸ್ಕಲೂಸಾ ಊರಿನ ಅವರ ಕ್ರೀಡಾಂಗಣದಲ್ಲಿ ಒಂದು ಲಕ್ಷ ಜನ ಕೂರ್ತಾರೆ. ವಿಶ್ವವಿದ್ಯಾಲಯ ತನ್ನ ಲೆಕ್ಕಕ್ಕೆ 18 ರಾಷ್ಟ್ರೀಯ ಚಾಂಪಿಯನ್‌ಷಿಪ್ ಹಾಕಿಕೊಂಡಿದೆ. ಅದರಲ್ಲಿ ಆರು 1958ರಿಂದ 1982ರವರೆಗೆ ಕೋಚ್ ಆಗಿದ್ದ ಪಾಲ್ ‘ಬೇರ್’ ಬ್ರಯಂಟ್ ಕಾಲದ್ದು, ಇನ್ನಾರು 2007ರಿಂದ 2023ರವರೆಗಿದ್ದ ನಿಕ್ ಸೇಬನ್ ಕಾಲದ್ದು. ಆ ರಾಜ್ಯದಲ್ಲಿ ದೊಡ್ಡ ವೃತ್ತಿಪರ ಲೀಗಿನ ತಂಡವೇ ಇಲ್ಲ. ಹಾಗಾಗಿ ಕಾಲೇಜು ತಂಡವೇ ಎಲ್ಲ. ಮದುವೆಯ ದಿನ ಗೊತ್ತುಮಾಡುವಾಗಲೂ ಪಂದ್ಯದ ವೇಳಾಪಟ್ಟಿ ನೋಡ್ತಾರೆ ಅಂತ ಅಲ್ಲಿನವರೇ ನಗ್ತಾ ಹೇಳ್ತಿದ್ರು.

ಡ್ರಾಫ್ಟ್ ಶುರುವಾದ ಕೂಡಲೇ ಮೊದಲ ಜಗಳ ಕ್ವಾರ್ಟರ್‌ಬ್ಯಾಕ್ ಬಗ್ಗೆ. ಅಂದ್ರೆ ಚೆಂಡು ಎಸೆದು ಇಡೀ ದಾಳಿ ನಡೆಸುವ ಆಟಗಾರ. 1962ರಿಂದ 64ರವರೆಗೆ ಆಡಿದ ಜೋ ನೇಮತ್ ಆ ಊರಿನ ದಂತಕತೆ. ಅವರು ಮೂರು ಸೀಸನ್ ಸೇರಿಸಿ ಎಸೆದದ್ದು ಸುಮಾರು 2,700 ಗಜ. 2021ರಲ್ಲಿ ಬ್ರೈಸ್ ಯಂಗ್ ಒಂದೇ ಸೀಸನ್ನಿನಲ್ಲಿ 4,872 ಗಜ ಎಸೆದರು. ಹಾಗಾದ್ರೆ ಯಂಗ್ ದೊಡ್ಡವರಾ? ಅಷ್ಟು ಸುಲಭ ಅಲ್ಲ. ನೇಮತ್ ಕಾಲದಲ್ಲಿ ವರ್ಷಕ್ಕೆ ಹತ್ತು ಹನ್ನೊಂದು ಪಂದ್ಯ, ಯಂಗ್ ಆ ವರ್ಷ ಆಡಿದ ತಂಡಕ್ಕೆ ಹದಿನೈದು. ಆಗ ಮೊದಲ ವರ್ಷದ ವಿದ್ಯಾರ್ಥಿ ಮುಖ್ಯ ತಂಡದಲ್ಲಿ ಆಡೋ ಹಾಗೇ ಇರಲಿಲ್ಲ. ಆ ನಿಯಮ ಹೋಗಿದ್ದು 1972ರಲ್ಲಿ. ಮೇಲಾಗಿ ಆಗಿನವರು ಚೆಂಡು ಹಿಡಿದು ಓಡೋದನ್ನೇ ನೆಚ್ಚಿಕೊಂಡಿದ್ದರು, ಎಸೆಯೋದು ಕಡಿಮೆ.

ಇನ್ನೂ ಹಿಂದಕ್ಕೆ ಹೋದರೆ ಡಾನ್ ಹಟ್ಸನ್. 1935ರ ಜನವರಿ 1ರಂದು ರೋಸ್ ಬೌಲ್‌ನಲ್ಲಿ ಸ್ಟ್ಯಾನ್‌ಫರ್ಡನ್ನ 29-13ರಿಂದ ಸೋಲಿಸಿದ ತಂಡದ ಹೀರೊ. ಆ ತಂಡದಲ್ಲಿ ಇನ್ನೊಂದು ಅಂಚಿಗೆ ಆಡ್ತಿದ್ದ ಹುಡುಗ ಯಾರು ಗೊತ್ತಾ? ಮುಂದೆ ಕೋಚ್ ಆದ ಬ್ರಯಂಟ್ ಅವರೇ. ವೃತ್ತಿಪರ ಆಟದಲ್ಲಿ ಹಟ್ಸನ್ ಹಿಡಿದ 99 ಟಚ್‌ಡೌನ್ ಪಾಸ್‌ಗಳ ದಾಖಲೆ 1989ರವರೆಗೆ ಉಳಿದಿತ್ತು. ಆಗೆಲ್ಲ ಅದೇ ಹನ್ನೊಂದು ಜನ ದಾಳಿಯನ್ನೂ ಮಾಡಬೇಕು, ರಕ್ಷಣೆಯನ್ನೂ ಮಾಡಬೇಕು. ಹಾಗಾದ್ರೆ ಹಟ್ಸನ್ನರನ್ನ ಒಂದು ಜಾಗಕ್ಕೆ ಎಣಿಸಬೇಕೋ ಎರಡಕ್ಕೋ? ಇದರ ಮೇಲೇ ಅರ್ಧ ಗಂಟೆ ಹೋಯ್ತು.

ಬೋರ್ಡ್ ತುಂಬ್ತಾ ಬಂತು. ಡೆರಿಕ್ ಹೆನ್ರಿ, ಜಾನ್ ಹ್ಯಾನಾ, ಓಝಿ ನ್ಯೂಸಮ್, ಡ್ವೈಟ್ ಸ್ಟೀಫನ್ಸನ್, 1988ರ ಒಂದೇ ಸೀಸನ್ನಿನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕನ್ನ 27 ಸಲ ಕೆಡವಿದ ಡೆರಿಕ್ ಥಾಮಸ್. 1963ರ ಆರೆಂಜ್ ಬೌಲ್‌ನಲ್ಲಿ ಒಬ್ಬರೇ 31 ಟ್ಯಾಕಲ್ ಮಾಡಿದ ಲೀ ರಾಯ್ ಜೋರ್ಡನ್. ನಾನು ಪ್ರತಿ ಹೆಸರಿನ ಮುಂದೆ ಅವರು ಆಡಿದ ವರ್ಷ ಬರೀತಾ ಹೋದೆ.

ಕೊನೆಯ ಸುತ್ತು ಬಂತು. ಆರು ಜನರಲ್ಲಿ ಎಲ್ಲರಿಗಿಂತ ಹಿರಿಯರು ಒಬ್ಬರಿದ್ರು, ಕಪ್ಪು ಜನಾಂಗದವರು, ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳೆದವರು. ಸಂಜೆಯೆಲ್ಲ ಎಲ್ಲರ ಜೊತೆ ನಗ್ತಾ, ಕಾಲೆಳೀತಾ ಆಡಿದ್ರು. ಅವರ ಸರದಿ ಬಂದಾಗ ‘ಬಕ್ ಬುಕ್ಯಾನನ್, ಬರ್ಕೋ’ ಅಂದ್ರು. ನಾನು ಬರೆಯೋಕೆ ಕೈ ಎತ್ತಿದೆ. ‘ತಡಿ ತಡಿ, ಬುಕ್ಯಾನನ್ ಅಲಬಾಮಾಗೆ ಯಾವತ್ತು ಆಡಿದ್ದಾರೆ?’ ಅಂತ ಇನ್ನೊಬ್ಬರು ಕೇಳಿದ್ರು. ಹಿರಿಯರು ಹೇಳಿದ್ದು ಒಂದೇ ಮಾತು: ‘ಆಡಿಲ್ಲ. ಯಾಕೆ ಆಡಿಲ್ಲ ಅಂತ ನಿನಗೂ ಗೊತ್ತು.’

ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯ್ತು. ಆಗ ನಾನು ಬೋರ್ಡ್ ಕಡೆ ತಿರುಗಿ ನೋಡಿದೆ. 1971ಕ್ಕಿಂತ ಮೊದಲಿನ ವರ್ಷ ಇರೋ ಪ್ರತಿಯೊಂದು ಹೆಸರೂ ಬಿಳಿಯರದ್ದು. ಅದರ ನಂತರದ ಹೆಸರುಗಳಲ್ಲಿ ಹೆಚ್ಚಿನವು ಕಪ್ಪು ಆಟಗಾರರದ್ದು. ಆ ವರ್ಷಗಳನ್ನ ಬರೆದವನು ನಾನೇ, ಆದ್ರೂ ಅಲ್ಲಿವರೆಗೆ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಬುಕ್ಯಾನನ್ ಯಾರು? 1940ರಲ್ಲಿ ಅಲಬಾಮಾದ ಗೇನ್ಸ್‌ವಿಲ್ ಅನ್ನೋ ಸಣ್ಣ ಊರಲ್ಲಿ ಹುಟ್ಟಿ, ಬರ್ಮಿಂಗ್‌ಹ್ಯಾಮ್‌ನ ಪಾರ್ಕರ್ ಹೈಸ್ಕೂಲಿನಲ್ಲಿ ಓದಿದವರು. ಎತ್ತರ ಆರಡಿ ಏಳಿಂಚು. ಅಲಬಾಮಾ ತಂಡ ತನ್ನ ದೊಡ್ಡ ಪಂದ್ಯಗಳನ್ನ ಆಡ್ತಿದ್ದ ಲೀಜನ್ ಫೀಲ್ಡ್ ಇರೋದೂ ಅದೇ ಬರ್ಮಿಂಗ್‌ಹ್ಯಾಮ್‌ನಲ್ಲಿ. ಅವರು ಕಾಲೇಜಿಗೆ ಹೋಗಬೇಕಾಗಿ ಬಂದಿದ್ದು ಮಾತ್ರ ಲೂಸಿಯಾನಾ ರಾಜ್ಯದ ಗ್ರ್ಯಾಂಬ್ಲಿಂಗ್‌ಗೆ, ಕಪ್ಪು ವಿದ್ಯಾರ್ಥಿಗಳಿಗಾಗಿ ಇದ್ದ ಕಾಲೇಜಿಗೆ. ಅಲ್ಲಿಂದ 1963ರ ಎಎಫ್‌ಎಲ್ ಡ್ರಾಫ್ಟ್‌ನಲ್ಲಿ ಇಡೀ ಲೀಗಿಗೇ ಮೊದಲ ಆಯ್ಕೆಯಾದರು. ಕಾನ್ಸಾಸ್ ಸಿಟಿ ತಂಡದ ಜೊತೆ ಸೂಪರ್ ಬೌಲ್ ಗೆದ್ದರು, ಹಾಲ್ ಆಫ್ ಫೇಮ್ ಸೇರಿದರು. ಲೀ ರಾಯ್ ಜೋರ್ಡನ್ ಮತ್ತು ಅವರು ಹೆಚ್ಚುಕಮ್ಮಿ ಒಂದೇ ವಯಸ್ಸಿನವರು, ಇಬ್ಬರೂ ಅಲಬಾಮಾದ ಹುಡುಗರು, ಇಬ್ಬರೂ ಕಾಲೇಜು ಆಟ ಆಡಿದ್ದು 1960ರ ಆಸುಪಾಸಿನಲ್ಲೇ. ಒಬ್ಬರ ಹೆಸರು ಬೋರ್ಡಿನ ಮೇಲಿದೆ.

ಈಗ ಇತಿಹಾಸಕ್ಕೆ ಬರೋಣ. 1956ರ ಫೆಬ್ರವರಿಯಲ್ಲಿ ಆಥರೀನ್ ಲೂಸಿ ಅನ್ನೋ ಹೆಣ್ಣುಮಗಳು ಅಲಬಾಮಾ ವಿಶ್ವವಿದ್ಯಾಲಯದ ತರಗತಿಗೆ ಕಾಲಿಟ್ಟರು, ಅಲ್ಲಿನ ಮೊದಲ ಕಪ್ಪು ವಿದ್ಯಾರ್ಥಿನಿ. ಮೂರು ದಿನದೊಳಗೆ ಗುಂಪು ಕಲ್ಲು, ಮೊಟ್ಟೆ ಎಸೆಯಿತು. ವಿಶ್ವವಿದ್ಯಾಲಯ ಗುಂಪನ್ನ ಹೊರಗೆ ಹಾಕಲಿಲ್ಲ, ಅವರನ್ನ ಹೊರಗೆ ಹಾಕಿತು. 1963ರ ಜೂನ್ 11ರಂದು ವಿವಿಯನ್ ಮಲೋನ್ ಮತ್ತು ಜೇಮ್ಸ್ ಹುಡ್ ಪ್ರವೇಶಕ್ಕೆ ಬಂದಾಗ ರಾಜ್ಯಪಾಲ ಜಾರ್ಜ್ ವಾಲೇಸ್ ಸ್ವತಃ ಬಾಗಿಲಿಗೆ ಅಡ್ಡ ನಿಂತರು. ಅಧ್ಯಕ್ಷ ಕೆನಡಿ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನ ಕೇಂದ್ರದ ಹಿಡಿತಕ್ಕೆ ತಗೊಂಡ ಮೇಲೇ ವಾಲೇಸ್ ಪಕ್ಕಕ್ಕೆ ಸರಿದಿದ್ದು.

ತರಗತಿಯ ಬಾಗಿಲು ತೆರೆದರೂ ಮೈದಾನದ ಬಾಗಿಲು ತೆರೆಯಲಿಲ್ಲ. 1961, 1964, 1965ರ ಚಾಂಪಿಯನ್ ತಂಡಗಳಲ್ಲಿ ಒಬ್ಬ ಕಪ್ಪು ಆಟಗಾರನೂ ಇಲ್ಲ. 1967ರಲ್ಲಿ ಕೆಲವು ಕಪ್ಪು ವಿದ್ಯಾರ್ಥಿಗಳು ವಿದ್ಯಾರ್ಥಿವೇತನ ಇಲ್ಲದೆಯೇ ಅಭ್ಯಾಸಕ್ಕೆ ಬಂದರು, ಆದ್ರೆ ಅವರಲ್ಲಿ ಯಾರೂ ಮುಖ್ಯ ತಂಡದ ಪಂದ್ಯ ಆಡಲಿಲ್ಲ. 1969ರಲ್ಲಿ ಕಪ್ಪು ವಿದ್ಯಾರ್ಥಿಗಳ ಸಂಘ ಕೋರ್ಟಿಗೆ ಹೋಯ್ತು. ಕಪ್ಪು ಕ್ರೀಡಾಪಟುಗಳನ್ನ ವಿಶ್ವವಿದ್ಯಾಲಯ ಆರಿಸ್ತಾ ಇಲ್ಲ ಅನ್ನೋದು ದೂರು. ಅವರ ಪರ ವಾದಿಸಿದ ಯುವ ವಕೀಲ ಯು. ಡಬ್ಲ್ಯು. ಕ್ಲೆಮನ್ ಮುಂದೆ 1980ರಲ್ಲಿ ಅಲಬಾಮಾದ ಮೊದಲ ಕಪ್ಪು ಫೆಡರಲ್ ನ್ಯಾಯಾಧೀಶರಾದರು. ಅದೇ 1969ರ ಡಿಸೆಂಬರ್‌ನಲ್ಲಿ ಓಝಾರ್ಕ್ ಊರಿನ ವಿಲ್ಬರ್ ಜಾಕ್ಸನ್ ತಂಡಕ್ಕೆ ಸಹಿ ಹಾಕಿದರು. ವಿದ್ಯಾರ್ಥಿವೇತನ ಪಡೆದ ಮೊದಲ ಕಪ್ಪು ಫುಟ್‌ಬಾಲ್ ಆಟಗಾರ.

ಇಲ್ಲೊಂದು ಜನಪ್ರಿಯ ಕಥೆ ಇದೆ, ಅದನ್ನ ಸ್ವಲ್ಪ ಸರಿಪಡಿಸಬೇಕು. 1970ರ ಸೆಪ್ಟೆಂಬರ್ 12ರಂದು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಬರ್ಮಿಂಗ್‌ಹ್ಯಾಮ್‌ಗೆ ಬಂದು ಅಲಬಾಮಾವನ್ನ 42-21ರಿಂದ ಸೋಲಿಸಿತು. ಅವರ ಕಪ್ಪು ಆಟಗಾರ ಸ್ಯಾಮ್ ಕನಿಂಗ್‌ಹ್ಯಾಮ್ 135 ಗಜ ಓಡಿ ಎರಡು ಟಚ್‌ಡೌನ್ ಹೊಡೆದರು. ಆ ಒಂದು ರಾತ್ರಿ ಅಲಬಾಮಾದ ಕಣ್ಣು ತೆರೆಸಿತು ಅಂತ ಹೇಳ್ತಾರೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಆ ರಾತ್ರಿ ಹೊತ್ತಿಗೆ ಜಾಕ್ಸನ್ ಆಗಲೇ ಸೇರಿ ಆಗಿತ್ತು. ಮೊದಲ ವರ್ಷದವರಾದ್ದರಿಂದ ಅವರು ಆಡುವಂತಿರಲಿಲ್ಲ, ಅಷ್ಟೇ. ಒಬ್ಬ ಆಟಗಾರನ ಪರಾಕ್ರಮದಿಂದ ಮನಸ್ಸು ಬದಲಾಯ್ತು ಅಂದ್ರೆ ಎಲ್ಲರಿಗೂ ಹಿತ. ಕೋರ್ಟಿಗೆ ಹೋದ ವಿದ್ಯಾರ್ಥಿಗಳು, ಕಲ್ಲೇಟು ತಿಂದ ಲೂಸಿ ಆ ಕಥೆಯಲ್ಲಿ ಮಾಯವಾಗಿಬಿಡ್ತಾರೆ.

1971ರಲ್ಲಿ ಅದೇ ಎದುರಾಳಿಯನ್ನ ಲಾಸ್ ಏಂಜಲೀಸ್‌ನಲ್ಲಿ ಅಲಬಾಮಾ 17-10ರಿಂದ ಸೋಲಿಸಿತು. ಆ ಪಂದ್ಯದಲ್ಲಿ ಜಾನ್ ಮಿಚೆಲ್ ಆಡಿದರು, ಅಲಬಾಮಾ ಪರ ಮೈದಾನಕ್ಕಿಳಿದ ಮೊದಲ ಕಪ್ಪು ಆಟಗಾರ. ಮರುವರ್ಷ ಅವರು ಸಹ-ನಾಯಕ, 1973ರಲ್ಲಿ ಸಹಾಯಕ ಕೋಚ್. ಬದಲಾವಣೆ ಶುರುವಾದ ಮೇಲೆ ಎಷ್ಟು ಬೇಗ ನಡೀತು ನೋಡಿ. ಹಾಗಾದ್ರೆ ಅಷ್ಟು ವರ್ಷ ತಡ ಆಗೋಕೆ ಏನು ಕಾರಣ ಅನ್ನೋ ಪ್ರಶ್ನೆ ಇನ್ನೂ ಚುಚ್ಚುತ್ತೆ.

ಎಲ್ಲ ಬಾಗಿಲೂ ಒಟ್ಟಿಗೆ ತೆರೆಯಲೂ ಇಲ್ಲ. ನಾನಿದ್ದ ಹಂಟ್ಸ್‌ವಿಲ್ ಊರಿನ ಹುಡುಗ ಕಾಂಡ್ರೆಜ್ ಹಾಲೊವೇ ಅದ್ಭುತ ಕ್ವಾರ್ಟರ್‌ಬ್ಯಾಕ್. ಕಪ್ಪು ಕ್ವಾರ್ಟರ್‌ಬ್ಯಾಕ್‌ಗೆ ಅಲಬಾಮಾ ಇನ್ನೂ ಸಿದ್ಧವಾಗಿಲ್ಲ ಅಂತ ಬ್ರಯಂಟ್ ತನಗೆ ನೇರವಾಗಿ ತಿಳಿಸಿದ್ದನ್ನ ಅವರೇ ಮುಂದೆ ನೆನೆಸಿಕೊಂಡಿದ್ದಾರೆ. ಅವರು ಟೆನೆಸ್ಸಿಗೆ ಹೋಗಿ 1972ರಿಂದ ಆಡಿದರು. ಅದೇ ಬೋರ್ಡಿನಲ್ಲಿ ಬ್ರೈಸ್ ಯಂಗ್ ಹೆಸರು ಮೇಲಿನ ಸಾಲಿನಲ್ಲಿತ್ತು. ಯಂಗ್ ಕೂಡ ಕಪ್ಪು ಕ್ವಾರ್ಟರ್‌ಬ್ಯಾಕ್. ಐವತ್ತು ವರ್ಷದ ಅಂತರ.

ಡ್ರಾಫ್ಟ್ ಸಂಜೆಗೆ ವಾಪಸ್ ಬರ್ತೀನಿ. ನಿಯಮ ಹೇಳಿದವರದ್ದೂ ತಪ್ಪಲ್ಲ. ಆ ತಂಡದ ಅಂಗಿ ತೊಟ್ಟವರನ್ನ ಮಾತ್ರ ಆರಿಸಬೇಕು ಅನ್ನೋದೇ ಆಟದ ಕಟ್ಟು. ಹಿರಿಯರೂ ಹಠ ಹಿಡಿಯಲಿಲ್ಲ. ‘ಸರಿ, ಅಂಚಿನಲ್ಲಿ ಬರಿ’ ಅಂದ್ರು. ನಾನು ಬೋರ್ಡಿನ ಗೆರೆ ದಾಟಿ, ಬಲಗಡೆ ಖಾಲಿ ಜಾಗದಲ್ಲಿ ಬಕ್ ಬುಕ್ಯಾನನ್ ಅಂತ ಬರೆದೆ. ಒಂದು ನಿಮಿಷ ಆದ ಮೇಲೆ, ಮೊದಲು ಆಕ್ಷೇಪ ತೆಗೆದವರೇ ‘ಹಾಗಾದ್ರೆ ಸ್ಟಾಲ್ವರ್ತ್ ಹೆಸರನ್ನೂ ಹಾಕು’ ಅಂದ್ರು. ಜಾನ್ ಸ್ಟಾಲ್ವರ್ತ್ ಹುಟ್ಟಿದ್ದು ಟಸ್ಕಲೂಸಾದಲ್ಲೇ. 1970ರಲ್ಲಿ, ಬಾಗಿಲು ಆಗಷ್ಟೇ ಬಿರುಕು ಬಿಟ್ಟಿದ್ದ ವರ್ಷ, ಅವರು ಹಂಟ್ಸ್‌ವಿಲ್‌ನ ಅಲಬಾಮಾ ಎ ಅಂಡ್ ಎಂ ಕಾಲೇಜಿಗೆ ಬಂದರು. ಮುಂದೆ ಪಿಟ್ಸ್‌ಬರ್ಗ್ ತಂಡದಲ್ಲಿ ನಾಲ್ಕು ಸೂಪರ್ ಬೌಲ್ ಗೆದ್ದರು. ಹಾಲೊವೇ ಹೆಸರು ಮೂರನೆಯದಾಗಿ ಬಂತು. ತಂಡಗಳನ್ನ ಹೋಲಿಸಿ ಯಾರದು ಗೆಲ್ಲುತ್ತೆ ಅಂತ ಮತ ಹಾಕೋದು ಆಮೇಲೆ ಯಾರಿಗೂ ನೆನಪಾಗಲಿಲ್ಲ.

ಇದು ಅಮೆರಿಕದ ಮಾತು, ನಮಗೇನು ಅನ್ನಬೇಡಿ. ಪಾಲ್ವಣಕರ್ ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ದಲಿತ ಕುಟುಂಬದ ಈ ಎಡಗೈ ಸ್ಪಿನ್ನರ್ ಪುಣೆಯಲ್ಲಿ ಮೈದಾನ ನೋಡಿಕೊಳ್ಳುವ ಕೆಲಸ ಮಾಡ್ತಾ ಬೌಲಿಂಗ್ ಕಲಿತರು. ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು, ಆದ್ರೆ ಚಹಾ ಕೊಡುವಾಗ ಬೇರೆ ಲೋಟ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. ಅದು 1923ರಲ್ಲಿ ಅವರ ತಮ್ಮ ವಿಠ್ಠಲ್‌ಗೆ ಸಿಕ್ಕಿತು. ರಣಜಿ ಟ್ರೋಫಿ ಶುರುವಾಗಿದ್ದು 1934ರಲ್ಲಿ. ಹಾಗಾಗಿ ನಮ್ಮ ಸಾರ್ವಕಾಲಿಕ ಹನ್ನೊಂದರ ಪಟ್ಟಿಗೂ ನಿಯಮದ ಪ್ರಕಾರ ಬಾಳೂ ಬರಲ್ಲ.

ಮುಂದಿನ ಸಲ ಗೆಳೆಯರು ಸೇರಿ ತಂಡ ಕಟ್ಟುವಾಗ, ನಿಮ್ಮ ಊರಿನ ಕ್ಲಬ್ ಇರಲಿ, ಕಾಲೇಜು ತಂಡ ಇರಲಿ, ಕಾಗದದ ಬಲಗಡೆ ಒಂದಿಷ್ಟು ಜಾಗ ಬಿಟ್ಟು ಶುರು ಮಾಡಿ. ಅಲ್ಲಿ ಬರೆಯೋಕೆ ಯಾವ ಹೆಸರು ಬಂತು ಅಂತ ನನಗೂ ಬರೆದು ತಿಳಿಸಿ.