ಗ್ಯಾಸ್ ಲೈಟರ್‌ನಿಂದ ಸ್ಕ್ಯಾನಿಂಗ್ ರೂಮ್‌ವರೆಗೆ: ಮಾತಾಡುವ, ಕೇಳುವ ಹರಳಿನ ಕಥೆ

ಇವತ್ತಿನ ಎಪಿಸೋಡ್ ಒಂದು ಸದ್ದಿನಿಂದ ಶುರು ಮಾಡ್ತೀನಿ, ಇಯರ್‌ಫೋನ್ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ.

(ಟಕ್. ಟಕ್. ಟಕ್.)

ಗೊತ್ತಾಯ್ತಲ್ಲ? ಅಡುಗೆಮನೆಯ ಗ್ಯಾಸ್ ಲೈಟರ್. ಇದಕ್ಕೆ ಬ್ಯಾಟರಿ ಇಲ್ಲ, ವೈರ್ ಇಲ್ಲ. ನಮ್ಮನೆಯದು ಏಳೆಂಟು ವರ್ಷ ಹಳೇದು, ಇನ್ನೂ ಕಿಡಿ ಹಾರಿಸುತ್ತೆ. ಒಳಗೆ ಒಂದು ಸ್ಪ್ರಿಂಗ್, ಒಂದು ಪುಟ್ಟ ಸುತ್ತಿಗೆ, ಒಂದು ಸೆರಾಮಿಕ್ ತುಂಡು ಇರುತ್ತೆ. ನಾವು ಬಟನ್ ಒತ್ತಿದಾಗ ಸುತ್ತಿಗೆ ಆ ತುಂಡಿನ ಮೇಲೆ ಬಡಿಯುತ್ತೆ. ಆ ಒಂದು ಪೆಟ್ಟಿಗೆ ಸಾವಿರಾರು ವೋಲ್ಟ್ ಹುಟ್ಟುತ್ತೆ. ಕರೆಂಟ್ ಮಾತ್ರ ತೀರಾ ಸ್ವಲ್ಪ, ಹಾಗಾಗಿ ನಾವು ಬದುಕಿದ್ದೀವಿ.

ಒತ್ತಿದರೆ ವಿದ್ಯುತ್ ಕೊಡೋ ಈ ಗುಣಕ್ಕೆ ಪೀಜೋಎಲೆಕ್ಟ್ರಿಸಿಟಿ ಅಂತ ಹೆಸರು. ಗ್ರೀಕ್‌ನಲ್ಲಿ ‘ಪೀಜೋ’ ಅಂದ್ರೆ ಒತ್ತು. ಇದನ್ನ ಕಂಡುಹಿಡಿದವರು ಪ್ಯಾರಿಸ್‌ನ ಇಬ್ಬರು ಅಣ್ಣತಮ್ಮಂದಿರು, ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ. ವರ್ಷ 1880. ಪಿಯರ್‌ಗೆ ಆಗ 21 ವರ್ಷ. ಮೇರಿ ಕ್ಯೂರಿ ಇನ್ನೂ ಪೋಲೆಂಡ್‌ನಲ್ಲಿ ಸ್ಕೂಲಿಗೆ ಹೋಗ್ತಿದ್ದ ಹುಡುಗಿ.

ಅವರು ಕತ್ತಲಲ್ಲಿ ತಡಕಾಡಲಿಲ್ಲ. ಟೂರ್ಮಲೀನ್ ಅನ್ನೋ ಹರಳನ್ನ 1700ರ ಹೊತ್ತಿಗೆ ಡಚ್ ವ್ಯಾಪಾರಿಗಳು ಶ್ರೀಲಂಕಾದಿಂದ ಯುರೋಪಿಗೆ ಒಯ್ದಿದ್ದರು. ಅದನ್ನ ಬಿಸಿ ಮಾಡಿದರೆ ಬೂದಿಯನ್ನ ಎಳ್ಕೊಳ್ಳುತ್ತೆ ಅಂತ ಜನಕ್ಕೆ ಗೊತ್ತಿತ್ತು, ‘ಬೂದಿ ಎಳೆಯೋ ಕಲ್ಲು’ ಅಂತಾನೇ ಕರೀತಿದ್ದರು. ಅಣ್ಣತಮ್ಮಂದಿರು ಕೇಳಿದ ಪ್ರಶ್ನೆ ಇಷ್ಟೇ: ಬಿಸಿ ಮಾಡಿದ್ರೆ ಹೀಗಾಗುತ್ತೆ, ಹಿಸುಕಿದರೆ? ಹರಳನ್ನ ಸರಿಯಾದ ಕೋನದಲ್ಲಿ ಕತ್ತರಿಸಿ, ಎರಡೂ ಕಡೆ ತವರದ ಹಾಳೆ ಅಂಟಿಸಿ, ಒತ್ತಿ ನೋಡಿದರು. ಚಾರ್ಜ್ ಬಂತು. ಟೂರ್ಮಲೀನ್ ಆಯ್ತು, ಕ್ವಾರ್ಟ್ಜ್ ಆಯ್ತು, ಪುಷ್ಯರಾಗ ಆಯ್ತು. ಪಟ್ಟಿಯಲ್ಲಿ ಇನ್ನೊಂದು ಇದೆ, ಓದಿ ನನಗೇ ನಗು ಬಂತು: ಕಬ್ಬಿನ ಸಕ್ಕರೆ. ಹೌದು, ನಮ್ಮ ಕಲ್ಲುಸಕ್ಕರೆ! ಸಂಕ್ರಾಂತಿ ಎಳ್ಳು-ಬೆಲ್ಲ ತಿನ್ನುವಾಗ ಕಟುಂ ಅಂತ ಕಡೀತೀವಲ್ಲ, ಆಗ ಬಾಯೊಳಗೂ ಅತಿ ಸಣ್ಣ ಪ್ರಮಾಣದಲ್ಲಿ ಇದೇ ನಡೆಯುತ್ತೆ.

ಅಡುಗೆ ಉಪ್ಪಿನ ಹರಳನ್ನ ಎಷ್ಟು ಹಿಸುಕಿದರೂ ಏನೂ ಬರಲ್ಲ. ಉಪ್ಪಿನಲ್ಲಿ ಪ್ಲಸ್, ಮೈನಸ್ ಕಣಗಳು ಎಲ್ಲ ದಿಕ್ಕಿಗೂ ಸಮಸಮವಾಗಿ ಜೋಡಣೆ ಆಗಿವೆ. ಒತ್ತಿದರೂ ಆ ಸಮತೋಲ ಕೆಡಲ್ಲ. ಕ್ವಾರ್ಟ್ಜ್, ಸಕ್ಕರೆಯ ಜೋಡಣೆ ಅಷ್ಟು ಸಮ ಅಲ್ಲ. ಒತ್ತಿದಾಗ ಪ್ಲಸ್ ಒಂಚೂರು ಈ ಕಡೆ, ಮೈನಸ್ ಒಂಚೂರು ಆ ಕಡೆ ಸರಿಯುತ್ತೆ. ಆ ಸರಿದಾಟವೇ ವೋಲ್ಟೇಜ್.

ಈಗ ಬರೋ ಭಾಗ ನನಗೆ ಈ ಇಡೀ ಕಥೆಯಲ್ಲೇ ತುಂಬಾ ಇಷ್ಟ. ಅಣ್ಣತಮ್ಮಂದಿರು ಅರ್ಧ ಮಾತ್ರ ಕಂಡಿದ್ದರು. 1881ರಲ್ಲಿ ಗೇಬ್ರಿಯಲ್ ಲಿಪ್‌ಮನ್ ಅನ್ನೋ ಭೌತವಿಜ್ಞಾನಿ, ಒಂದೂ ಹರಳು ಮುಟ್ಟದೆ, ಬರೀ ಪೇಪರ್ ಮೇಲೆ ಲೆಕ್ಕ ಹಾಕಿ ಹೇಳಿದ: ಒತ್ತಿದರೆ ವಿದ್ಯುತ್ ಬರುತ್ತೆ ಅಂತಾದ್ರೆ, ವಿದ್ಯುತ್ ಕೊಟ್ಟರೆ ಹರಳು ಹಿಗ್ಗಲೇಬೇಕು, ಇಲ್ಲಾಂದ್ರೆ ಶಕ್ತಿಯ ಲೆಕ್ಕ ತಾಳೆ ಆಗಲ್ಲ. ಅದೇ ವರ್ಷ ಕ್ಯೂರಿಗಳು ಅದನ್ನ ಮಾಡಿ ತೋರಿಸಿದರು. ಸುಲಭ ಇರಲಿಲ್ಲ. ಕ್ವಾರ್ಟ್ಜ್‌ಗೆ 1000 ವೋಲ್ಟ್ ಕೊಟ್ಟರೂ ಅದು ಹಿಗ್ಗೋದು ಒಂದು ಮಿಲಿಮೀಟರ್‌ನ ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

ಅಂದ್ರೆ ಒಂದೇ ಹರಳಿಗೆ ಬಾಯಿನೂ ಇದೆ, ಕಿವಿನೂ ಇದೆ. ಇದೊಂದನ್ನ ನೆನಪಿಟ್ಕೊಳ್ಳಿ.

ಬಹಳ ವರ್ಷ ಇದಕ್ಕೆ ಲ್ಯಾಬ್‌ನ ಹೊರಗೆ ಕೆಲಸವೇ ಇರಲಿಲ್ಲ. ಒಳಗೆ ಮಾತ್ರ ಒಂದು ದೊಡ್ಡ ಕೆಲಸ ಮಾಡಿತು. 1898ರಲ್ಲಿ ಮೇರಿ ಕ್ಯೂರಿ ಯುರೇನಿಯಂ ಅದಿರಿನ ಕಿರಣಗಳನ್ನ ಅಳೆದಿದ್ದು ಗಂಡ ಮತ್ತು ಭಾವ ಮಾಡಿದ ಕ್ವಾರ್ಟ್ಜ್ ಉಪಕರಣದಿಂದ. ಕಿರಣಗಳು ಗಾಳಿಯಲ್ಲಿ ಹುಟ್ಟಿಸೋ ಚೂರೇ ಚೂರು ಕರೆಂಟಿಗೆ, ಕ್ವಾರ್ಟ್ಜ್ ಪಟ್ಟಿಗೆ ತೂಕ ನೇತುಹಾಕಿ ಬರೋ ಚಾರ್ಜನ್ನ ಎದುರು ನಿಲ್ಲಿಸಿ, ಗಡಿಯಾರ ಹಿಡಿದು ಸಮ ಮಾಡೋದು. ನಮ್ಮ ಸಂತೆಯ ತಕ್ಕಡಿ ಥರಾನೇ. ಆ ಅಳತೆಯಿಂದಲೇ ಅದಿರಿನಲ್ಲಿ ಯುರೇನಿಯಂಗಿಂತ ಜೋರಾದ್ದು ಏನೋ ಇದೆ ಅಂತ ಗೊತ್ತಾಗಿದ್ದು. ಅದೇ ವರ್ಷ ಪೊಲೋನಿಯಂ, ರೇಡಿಯಂ.

1906ರಲ್ಲಿ ಪಿಯರ್ ಪ್ಯಾರಿಸ್‌ನ ರಸ್ತೆಯಲ್ಲಿ ಕುದುರೆಗಾಡಿಗೆ ಸಿಕ್ಕಿ ತೀರಿಕೊಂಡರು. ಹರಳಿನ ಕಥೆಯನ್ನ ಮುಂದುವರಿಸಿದ್ದು ಅವರ ಶಿಷ್ಯ ಪಾಲ್ ಲಾಂಜ್‌ವ್ಯಾಂ.

ಮೊದಲ ಮಹಾಯುದ್ಧ. ಜರ್ಮನಿಯ ಸಬ್‌ಮರೀನ್‌ಗಳು ಹಡಗು ಮುಳುಗಿಸ್ತಾ ಇವೆ. 1915ರಲ್ಲಿ ಲುಸಿಟಾನಿಯಾ ಅನ್ನೋ ಪ್ರಯಾಣಿಕರ ಹಡಗು ಮುಳುಗಿ ಸುಮಾರು 1200 ಜನ ಸತ್ತರು. ನೀರಿನೊಳಗೆ ಅಡಗಿರೋದನ್ನ ಹುಡುಕೋದು ಹೇಗೆ? ಬೆಳಕು ಅಷ್ಟು ದೂರ ಹೋಗಲ್ಲ, ರೇಡಿಯೊ ಹೋಗಲ್ಲ. ಸದ್ದು ಹೋಗುತ್ತೆ, ಸೆಕೆಂಡಿಗೆ ಸುಮಾರು 1500 ಮೀಟರ್. ಲಾಂಜ್‌ವ್ಯಾಂ 1917ರಲ್ಲಿ ಗುರುಗಳ ಕ್ವಾರ್ಟ್ಜ್‌ಗೆ ವಾಪಸ್ ಬಂದರು. ಎರಡು ಉಕ್ಕಿನ ತಟ್ಟೆಗಳ ನಡುವೆ ಕ್ವಾರ್ಟ್ಜ್ ಚೂರುಗಳನ್ನ ಸ್ಯಾಂಡ್‌ವಿಚ್ ಥರ ಇಟ್ಟು ವಿದ್ಯುತ್ ಕೊಟ್ಟರು. ಅದು ಸೆಕೆಂಡಿಗೆ ಸುಮಾರು 40 ಸಾವಿರ ಸಲ ನಡುಗಿ, ನಮ್ಮ ಕಿವಿಗೆ ಕೇಳಿಸದ ಸದ್ದನ್ನ ನೀರಿಗೆ ಬಿಟ್ಟಿತು. ಟ್ಯಾಂಕ್‌ನಲ್ಲಿ ಅದರ ಹತ್ತಿರ ಬಂದ ಮೀನುಗಳು ಸತ್ತವು, ಕೈ ಇಟ್ಟವರಿಗೆ ನೋವಾಯ್ತು. ಆಮೇಲೆ ಅದೇ ತಟ್ಟೆ ಸುಮ್ಮನಾಗಿ ಪ್ರತಿಧ್ವನಿಗೆ ಕಾಯಬೇಕು. ಲಿಪ್‌ಮನ್ ಪೇಪರ್ ಮೇಲೆ ಬರೆದಿದ್ದು ಈಗ ಸಮುದ್ರದಲ್ಲಿ ಕೆಲಸ ಮಾಡ್ತಾ ಇತ್ತು. 1918ರಲ್ಲಿ ಸಬ್‌ಮರೀನ್‌ನಿಂದ ಪ್ರತಿಧ್ವನಿ ಸಿಕ್ಕಿತು. ಆದರೆ ಯುದ್ಧದಲ್ಲಿ ಬಳಕೆಗೆ ಬರೋ ಮೊದಲೇ ಯುದ್ಧ ಮುಗೀತು.

ವಾಚಿನ ಕಥೆ ಬೇಗ ಹೇಳಿಬಿಡ್ತೀನಿ, ಅದಕ್ಕೆ ಬೇರೆ ಎಪಿಸೋಡೇ ಬೇಕು. ನಮ್ಮ ತಾತನ ಹತ್ರ ಎಚ್‌ಎಂಟಿ ಕೀ ವಾಚ್ ಇತ್ತು. ಅಂಥ ವಾಚ್‌ಗಳು ಸೆಕೆಂಡಿಗೆ ಸಾಮಾನ್ಯವಾಗಿ 5 ಸಲ ಟಿಕ್ ಅನ್ನುತ್ತವೆ. ಕ್ವಾರ್ಟ್ಜ್ ವಾಚ್‌ನೊಳಗಿನ ಹರಳು 32,768 ಸಲ ನಡುಗುತ್ತೆ. 1969ರ ಕ್ರಿಸ್‌ಮಸ್ ದಿನ ಜಪಾನ್‌ನ ಸೀಕೋ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕಿಟ್ಟಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿತು. ಅದಕ್ಕೆ ಕಾರಣ ಬರೀ ಹರಳು ಅಂತ ಹೇಳಲ್ಲ, ಆದರೆ ಹರಳಿನ ಪಾಲೂ ಇತ್ತು.

ಸರಿ, ಗ್ಲಾಸ್ಗೋಗೆ ಹೋಗೋಣ. 1955. ಇಯಾನ್ ಡೊನಾಲ್ಡ್ ಅಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದ ಪ್ರೊಫೆಸರ್. ಹತ್ತಿರದ ಬಾಯ್ಲರ್ ಕಾರ್ಖಾನೆಯಲ್ಲಿ ಲೋಹದೊಳಗಿನ ಬಿರುಕು ಹುಡುಕೋ ಯಂತ್ರ ಇತ್ತು. ಸಬ್‌ಮರೀನ್ ಹುಡುಕೋ ಅದೇ ಉಪಾಯ, ನೀರಿನ ಬದಲು ಉಕ್ಕು. ಡೊನಾಲ್ಡ್ ಏನು ಮಾಡಿದರು ಅಂದ್ರೆ, ಆಪರೇಷನ್‌ನಲ್ಲಿ ತೆಗೆದ ಗಡ್ಡೆಗಳನ್ನ ಕಾರಿನ ಡಿಕ್ಕಿಯಲ್ಲಿ ತುಂಬ್ಕೊಂಡು ಆ ಕಾರ್ಖಾನೆಗೆ ಹೋದರು. ಹೋಲಿಕೆಗೆ ಅಂತ ದೊಡ್ಡದೊಂದು ಮಾಂಸದ ತುಂಡೂ ಇತ್ತು. ಗಟ್ಟಿ ಗಡ್ಡೆಗೂ ನೀರು ತುಂಬಿದ ಗಡ್ಡೆಗೂ ಪ್ರತಿಧ್ವನಿ ಬೇರೆ ಬೇರೆ ಬಂತು. ಆಮೇಲೆ ಒಬ್ಬ ಮಹಿಳೆ ಬಂದರು. ಹೊಟ್ಟೆಯ ಕ್ಯಾನ್ಸರ್, ಆಪರೇಷನ್ ಆಗಲ್ಲ ಅಂತ ಕೈಬಿಟ್ಟಿದ್ದ ಕೇಸ್. ಸ್ಕ್ಯಾನ್‌ನಲ್ಲಿ ಕಂಡಿದ್ದು ಅಂಡಾಶಯದ ನೀರುಗಡ್ಡೆ. ತೆಗೆದರು, ಆಕೆ ಬದುಕಿದರು. 1958ರಲ್ಲಿ ಡೊನಾಲ್ಡ್ ಮತ್ತು ಜೊತೆಗಾರರ ಲೇಖನ ‘ಲ್ಯಾನ್ಸೆಟ್’ನಲ್ಲಿ ಬಂತು, ಅದರಲ್ಲಿ ಗರ್ಭದೊಳಗಿನ ಮಗುವಿನ ಚಿತ್ರಗಳೂ ಇದ್ದವು.

ನಾಲ್ಕು ವರ್ಷದ ಹಿಂದೆ ನಮ್ಮಕ್ಕನ ಜೊತೆ ಸ್ಕ್ಯಾನಿಂಗ್‌ಗೆ ಹೋಗಿದ್ದೆ. ಡಾಕ್ಟರ್ ಕೈಯಲ್ಲಿದ್ದ ಪ್ರೋಬ್‌ನ ತುದಿಯಲ್ಲಿ ನೂರಕ್ಕೂ ಹೆಚ್ಚು ಪೀಜೋ ಚೂರುಗಳು ಸಾಲಾಗಿ ಇರುತ್ತವೆ, ಲೈಟರ್‌ನಲ್ಲಿರೋ ಥರದ್ದೇ ಸೆರಾಮಿಕ್. ಒಂದು ಕ್ಷಣ ಮಾತಾಡುತ್ತೆ, ಆಮೇಲೆ ಕೇಳುತ್ತೆ. ಸಮಯ ಲೆಕ್ಕ ಹಾಕಿದರೆ 100ರಲ್ಲಿ ಒಂದು ಪಾಲು ಮಾತ್ರ ಮಾತು, ಮಿಕ್ಕಿದ್ದೆಲ್ಲ ಕೇಳೋದು. ಸ್ಕ್ರೀನ್ ಮೇಲೆ ಪುಟ್ಟ ಹೃದಯ ಪಟಪಟ ಅಂತಿತ್ತು. ಜೊತೆಗೆ ಬಂದಿದ್ದ ಹಿರಿಯರೊಬ್ಬರು ನಗ್ತಾ ಕೇಳಿದರು, “ಡಾಕ್ಟ್ರೇ, ಪೇಡಾ ತರ್ಲಾ, ಜಿಲೇಬಿ ತರ್ಲಾ?” ಡಾಕ್ಟರ್ ನಗಲಿಲ್ಲ. ಪ್ರೋಬ್ ಎತ್ತಿ ಗೋಡೆ ಮೇಲಿದ್ದ ಬೋರ್ಡ್ ಕಡೆ ತೋರಿಸಿದರು. ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ. ನಾನೂ ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ ಅಂತ ಈಗಲೂ ಬೇಜಾರಾಗುತ್ತೆ.

ಆ ಬೋರ್ಡ್ ಹಿಂದೆ 1994ರ ಕಾನೂನಿದೆ. ಸ್ಕ್ಯಾನಿಂಗ್ ಯಂತ್ರವನ್ನ ಸಿಕ್ಕಸಿಕ್ಕವರಿಗೆ ಮಾರೋ ಹಾಗಿಲ್ಲ, ನೋಂದಣಿ ಆದ ಕಡೆ ಮಾತ್ರ ಇರಬೇಕು. ಆದರೂ 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಒಂದು ಭ್ರೂಣಹತ್ಯೆ ಜಾಲ ಹಿಡಿದಾಗ, ಮಂಡ್ಯ ಜಿಲ್ಲೆಯ ಒಂದು ಆಲೆಮನೆಯೊಳಗೆ ಸ್ಕ್ಯಾನಿಂಗ್ ನಡೀತಿತ್ತು ಅನ್ನೋ ಸುದ್ದಿ ಬಂತು. ನಿಮಗೆ ನೆನಪಿರಬಹುದು. ಕಬ್ಬು ಅರೆದು ಬೆಲ್ಲ ಮಾಡೋ ಜಾಗ. ಕ್ಯೂರಿಗಳು ಕಬ್ಬಿನ ಸಕ್ಕರೆ ಹರಳು ಒತ್ತಿ ನೋಡಿದ್ದನ್ನ ಓದೋವಾಗ ನನಗೆ ಮೊದಲು ನೆನಪಾಗಿದ್ದು ಆ ಸುದ್ದಿನೇ. ಅದಕ್ಕೇ ಈ ಎಪಿಸೋಡ್.

ಅಂದಹಾಗೆ, ಇದನ್ನ ಕೇಳ್ತಾ ಇರೋ ನಿಮ್ಮ ಫೋನ್‌ನಲ್ಲೂ ಈ ಗುಣ ಇದೆ. ಆದರೆ ಮೈಕ್‌ನಲ್ಲಿ ಅಂದ್ಕೋಬೇಡಿ, ಇವತ್ತಿನ ಫೋನ್ ಮೈಕ್‌ಗಳು ಹೆಚ್ಚಾಗಿ ಬೇರೆ ತತ್ವದ ಮೇಲೆ ನಡೆಯುತ್ತವೆ. ಇರೋದು ರೇಡಿಯೊ ಫಿಲ್ಟರ್‌ಗಳಲ್ಲಿ. ಟವರ್‌ನಿಂದ ಬಂದ ಸಿಗ್ನಲ್, ಸಾಸಿವೆ ಕಾಳಿನಷ್ಟು ಚಿಪ್‌ನಲ್ಲಿ ಒಮ್ಮೆ ಕಂಪನ ಆಗಿ ಬದಲಾಗಿ, ಬೇಡದ್ದನ್ನ ಬಿಟ್ಟು, ಮತ್ತೆ ವಿದ್ಯುತ್ ಆಗುತ್ತೆ.

ಅಕ್ಕನಿಗೆ ಮಗಳು. ಈಗ ಅವಳಿಗೆ ಅಡುಗೆಮನೆಯಲ್ಲಿ ಒಂದೇ ಆಟ. ಗ್ಯಾಸ್ ಆಫ್ ಮಾಡಿ, ಲೈಟರ್ ಕೈಗೆ ಕೊಟ್ಟು, ಇವತ್ತಿನ ಸದ್ದು ಅವಳಿಂದಲೇ ರೆಕಾರ್ಡ್ ಮಾಡಿಸಿದ್ದು.

(ಟಕ್. ಟಕ್.)

ಮುಂದಿನ ವಾರ ಸಿಗೋಣ.