ಕೆಮ್ಮಿದಾಗ ಮೂತ್ರ ಸೋರುತ್ತಾ? ಆಪರೇಷನ್ ಇಲ್ಲದೆಯೂ ದಾರಿ ಇದೆ

ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ, ತುಂಬಿದ ಕೊಡ ಎತ್ತುವಾಗ ಮೂತ್ರ ಸೋರುವುದು ಹೆರಿಗೆಯಾದ ಹಾಗೂ ಮುಟ್ಟು ನಿಂತ ಹೆಂಗಸರಲ್ಲಿ ಸಾಮಾನ್ಯ. ನಾಚಿಕೆಯಿಂದ ಯಾರಿಗೂ ಹೇಳದೆ ಮದುವೆ, ಬಸ್ ಪ್ರಯಾಣ ಬಿಡುವವರಿದ್ದಾರೆ. ನೀರು ಕುಡಿಯೋದನ್ನೇ ಕಡಿಮೆ ಮಾಡುವವರೂ ಇದ್ದಾರೆ. ಅದರಿಂದ ಮಲಬದ್ಧತೆ ಹೆಚ್ಚುತ್ತದೆಯೇ ಹೊರತು ಸೋರಿಕೆ ನಿಲ್ಲೋದಿಲ್ಲ.

ಕಾರಣ ಏನು?
ಮೂತ್ರನಾಳಕ್ಕೆ ಕೆಳಗಿನಿಂದ ಆಸರೆ ಕೊಡುವ ಸ್ನಾಯುಗಳು ಸಡಿಲವಾಗಿರುತ್ತವೆ. ಹೊಟ್ಟೆಯ ಮೇಲೆ ಒತ್ತಡ ಬಿದ್ದ ಕೂಡಲೇ ಮೂತ್ರ ಹೊರಬರುತ್ತದೆ.

ಪೆಸ್ಸರಿ ಅಂದರೇನು?
ಮೆತ್ತನೆಯ ಸಿಲಿಕಾನ್ ಬಳೆಯಂಥ ಸಾಧನ. ಯೋನಿಯೊಳಗೆ ಇಡುತ್ತಾರೆ. ಸೋರಿಕೆಗೆ ಬಳಸುವ ಬಳೆಯಲ್ಲಿ ಒಂದು ಗುಬುಟು ಇರುತ್ತದೆ. ಅದು ಮೂತ್ರನಾಳಕ್ಕೆ ಆಸರೆಯಾಗುತ್ತದೆ. ಸೈಜ್ ಒಬ್ಬೊಬ್ಬರಿಗೆ ಒಂದೊಂದು. ಹಾಗಾಗಿ ಅಂದಾಜಿನ ಮೇಲೆ ಕೊಳ್ಳುವ ವಸ್ತು ಇದಲ್ಲ. ಸ್ತ್ರೀರೋಗ ತಜ್ಞರು ಅಳತೆ ನೋಡಿ ಹಾಕಿ, ನಡೆಸಿ, ಕೆಮ್ಮಿಸಿ, ಮೂತ್ರ ಸರಾಗವಾಗಿ ಹೋಗುತ್ತಾ ಎಂದು ನೋಡಿಯೇ ಕಳಿಸಬೇಕು. ಸರಿಯಾಗಿ ಕೂತರೆ ಒಳಗಿದೆ ಅನ್ನೋದೇ ಗೊತ್ತಾಗಲ್ಲ. ತೆಗೆದು ಹಾಕೋದನ್ನು ಕಲಿತವರು ಸೋಪು, ನೀರಿನಲ್ಲಿ ತೊಳೆದು ಮತ್ತೆ ಬಳಸಬಹುದು. ಕಲಿಯಲು ಆಗದವರು ವೈದ್ಯರು ಹೇಳಿದ ದಿನ ತಪ್ಪದೆ ಹೋಗಿ ಸ್ವಚ್ಛ ಮಾಡಿಸಿಕೊಳ್ಳಬೇಕು. ಮರೆತು ವರ್ಷಗಟ್ಟಲೆ ಬಿಟ್ಟರೆ ಒಳಗೆ ಹುಣ್ಣಾಗುತ್ತದೆ.

ಬೇರೆ ಸಾಧನಗಳು
ಸಣ್ಣ ತೂಕದ ಯೋನಿ ಕೋನ್‌ಗಳು ಸ್ನಾಯು ಬಲಪಡಿಸಲು ಇವೆ. ಸ್ನಾಯು ಸರಿಯಾಗಿ ಬಿಗಿಯಾಗುತ್ತಿದೆಯೇ ಎಂದು ತೋರಿಸುವ ಬಯೋಫೀಡ್‌ಬ್ಯಾಕ್ ಯಂತ್ರ ಕೆಲವು ಫಿಸಿಯೋಥೆರಪಿ ಕೇಂದ್ರಗಳಲ್ಲಿ ಸಿಗುತ್ತದೆ. ಪ್ಯಾಡ್ ಬಳಸುವುದಾದರೆ ಮೆಡಿಕಲ್ ಶಾಪ್‌ನಲ್ಲಿ ಮೂತ್ರಕ್ಕೆಂದೇ ಇರುವ ಪ್ಯಾಡ್ ಕೇಳಿ. ಮುಟ್ಟಿನ ಪ್ಯಾಡ್ ಮೂತ್ರವನ್ನು ಅಷ್ಟಾಗಿ ಹೀರುವುದಿಲ್ಲ.

ವ್ಯಾಯಾಮ ಬಿಡಬೇಡಿ
ಮೂತ್ರ, ಗ್ಯಾಸ್ ತಡೆಯುವಂತೆ ಸ್ನಾಯು ಬಿಗಿಹಿಡಿದು ಸಡಿಲಿಸುವುದೇ ಕೆಗೆಲ್ ವ್ಯಾಯಾಮ. ಒಂದು ಸಲಕ್ಕೆ 8 ಬಾರಿಯಂತೆ ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು ಮಾಡಬೇಕು. ಸಾಧನ ಹಾಕಿದಾಗ ಮಾತ್ರ ಆಸರೆ. ಸ್ನಾಯು ಗಟ್ಟಿಯಾಗೋದು ವ್ಯಾಯಾಮದಿಂದಲೇ. ಹಳೇ ಕೆಮ್ಮು, ಮಲಬದ್ಧತೆ, ಅತಿ ತೂಕಕ್ಕೂ ಚಿಕಿತ್ಸೆ ಬೇಕು.

ತಡಮಾಡದೆ ಹೋಗಿ
ಪೆಸ್ಸರಿ ಹಾಕಿಸಿಕೊಂಡ ಮೇಲೆ ರಕ್ತ, ವಾಸನೆಯ ಬಿಳಿಸೆರಗು, ನೋವು ಕಂಡರೆ ಅಥವಾ ಮೂತ್ರ ಕಟ್ಟಿದರೆ ಕೂಡಲೇ ವೈದ್ಯರ ಬಳಿ ಹೋಗಿ. ಕೆಮ್ಮದೆಯೂ ತಟ್ಟನೆ ಅವಸರವಾಗಿ, ತಡೆಯಲಾಗದೆ ಮೂತ್ರ ಹೋಗುತ್ತಿದ್ದರೆ ಅದು ಬೇರೆ ಸಮಸ್ಯೆ. ಅದಕ್ಕೆ ಪೆಸ್ಸರಿ ತರುವ ಮುಂಚೆ ಮೂತ್ರ ಹಾಗೂ ಶುಗರ್ ಪರೀಕ್ಷೆ ಮಾಡಿಸಿ.